ಕಾರ್ಯಕರ್ತರ ಸಿಟ್ಟು, ಹೈಕಮಾಂಡಿನ ಕಿವಿ

2022ರ ಜುಲೈ 27. ದಕ್ಷಿಣ ಕನ್ನಡದ ಬೆಳ್ಳಾರೆಯಲ್ಲಿ ಬಿಜೆಪಿ ಯುವಮೋರ್ಚಾದ ಪ್ರವೀಣ್ ನೆಟ್ಟಾರು ಅವರ ಹತ್ಯೆಯಾದ ಮರುದಿನ. ಅಂತಿಮ ದರ್ಶನಕ್ಕೆಂದು ಬಂದ ಪಕ್ಷದ ಆಗಿನ ರಾಜ್ಯಾಧ್ಯಕ್ಷ ನಳಿನ್ ಕುಮಾರ್ ಕಟೀಲ್ ಅವರ ಕಾರನ್ನು ಮುತ್ತಿಕೊಂಡವರು ಎದುರು ಪಕ್ಷದವರಲ್ಲ, ಅವರದೇ ಕಾರ್ಯಕರ್ತರು. ಕಾರು ಅಲುಗಾಡಿತು, ಪೊಲೀಸರು ಲಾಠಿ ಬೀಸಿದರು. ಊರೂರಲ್ಲಿ ಯುವಮೋರ್ಚಾ ಪದಾಧಿಕಾರಿಗಳು ಸಾಲುಸಾಲಾಗಿ ರಾಜೀನಾಮೆ ಕೊಟ್ಟರು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಮರುದಿನ ದೊಡ್ಡಬಳ್ಳಾಪುರದಲ್ಲಿ ನಡೆಯಬೇಕಿದ್ದ ಸರ್ಕಾರದ ‘ಜನೋತ್ಸವ’ ಸಮಾರಂಭವನ್ನು ನಡುರಾತ್ರಿ ರದ್ದು ಮಾಡಿದರು. ಅಗತ್ಯ ಬಿದ್ದರೆ ಉತ್ತರ ಪ್ರದೇಶದ ‘ಯೋಗಿ ಮಾದರಿ’ಯನ್ನೂ ತರುವುದಾಗಿ ಹೇಳಿದರು.

ಸೆಪ್ಟೆಂಬರ್ 28ರಂದು ಕೇಂದ್ರ ಗೃಹ ಸಚಿವಾಲಯ ಪಾಪ್ಯುಲರ್ ಫ್ರಂಟ್ ಆಫ್ ಇಂಡಿಯಾವನ್ನು (ಪಿಎಫ್‌ಐ) 5 ವರ್ಷ ನಿಷೇಧಿಸಿತು. ಅಧಿಸೂಚನೆಯಲ್ಲಿ ಪಟ್ಟಿಮಾಡಿದ ಹತ್ಯೆಗಳಲ್ಲಿ ಬೆಳ್ಳಾರೆಯದ್ದೂ ಇತ್ತು. ಆ ನಿಷೇಧಕ್ಕೆ ಕಾರ್ಯಕರ್ತರ ಸಿಟ್ಟೊಂದೇ ಕಾರಣ ಎನ್ನುವುದು ತಪ್ಪಾಗುತ್ತದೆ; ಅದರ ಹಿಂದೆ ಹಲವು ರಾಜ್ಯಗಳ ತನಿಖೆಗಳಿದ್ದವು. ಆದರೆ ದೊಡ್ಡಬಳ್ಳಾಪುರದ ಸಮಾರಂಭ ರದ್ದಾಗಿದ್ದು, ಮುಖ್ಯಮಂತ್ರಿಯ ಮಾತಿನ ಧಾಟಿ ಒಂದೇ ರಾತ್ರಿಯಲ್ಲಿ ಬದಲಾಗಿದ್ದು ಬೆಳ್ಳಾರೆಯ ಬೀದಿಯಿಂದಲೇ.

ಪಕ್ಷದ ಅತಿ ಕಟ್ಟಾ ಬೆಂಬಲಿಗರು ನಾಯಕರ ನೀತಿಯನ್ನು ರೂಪಿಸುತ್ತಾರೆಯೇ? ರಾಜ್ಯದ ಅನುಭವ ‘ಹೌದು’ ಎನ್ನುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ನಂಜನಗೂಡು ತಾಲ್ಲೂಕಿನ ದೇವಸ್ಥಾನವೊಂದನ್ನು ಅಧಿಕಾರಿಗಳು ಕೆಡವಿದರು. ಸಾರ್ವಜನಿಕ ಜಾಗದ ಅನಧಿಕೃತ ಧಾರ್ಮಿಕ ಕಟ್ಟಡಗಳ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ಪಾಲನೆ ಅದು. ಹಿಂದೂ ಸಂಘಟನೆಗಳು ತಮ್ಮದೇ ಸರ್ಕಾರದ ವಿರುದ್ಧ ಬೀದಿಗಿಳಿದವು. ಅದೇ ತಿಂಗಳು 21ಕ್ಕೆ ಧಾರ್ಮಿಕ ಕಟ್ಟಡಗಳ ಸಂರಕ್ಷಣಾ ಮಸೂದೆ ವಿಧಾನಸಭೆಯಲ್ಲಿ ಪಾಸಾಯಿತು. ಕುಂದಾಪುರದಲ್ಲಿ 2022ರ ಫೆಬ್ರುವರಿ ಮೊದಲ ವಾರ ಕೇಸರಿ ಶಾಲುಗಳು ಬಂದವು, ಹಿಜಾಬ್ ಧರಿಸಿದ ಹುಡುಗಿಯರ ಮುಂದೆ ಸರ್ಕಾರಿ ಪದವಿಪೂರ್ವ ಕಾಲೇಜಿನ ಗೇಟು ಮುಚ್ಚಿತು. ಪುಸ್ತಕದ ಚೀಲ ಹೆಗಲಿಗೇರಿಸಿಕೊಂಡು ರಸ್ತೆಬದಿಯಲ್ಲಿ ನಿಂತ ಆ ಮಕ್ಕಳ ಚಿತ್ರ ದೇಶವೆಲ್ಲ ನೋಡಿತು. 5ರಂದು ಸಮವಸ್ತ್ರದ ಸರ್ಕಾರಿ ಆದೇಶ ಹೊರಬಿತ್ತು.

ಕಟ್ಟಾ ಬೆಂಬಲಿಗರ ಕುರಿತ ಈ ಅಂಜಿಕೆ ಪಕ್ಷದ ಗಡಿಯಲ್ಲೇ ನಿಲ್ಲುವುದಿಲ್ಲ. 2023ರ ಡಿಸೆಂಬರ್ 22ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹಿಜಾಬ್ ನಿರ್ಬಂಧವನ್ನು ಹಿಂಪಡೆಯುವ ಮಾತಾಡಿದರು. ಮರುದಿನ ಅದು ‘ಚರ್ಚಿಸಿ ತೀರ್ಮಾನಿಸುವ’ ವಿಷಯವಾಯಿತು. ಎದುರು ಪಕ್ಷದ ಕಟ್ಟಾ ಬೆಂಬಲಿಗರ ಕೂಗಿಗೂ ಆಡಳಿತ ಪಕ್ಷ ಹಿಂಜರಿಯುತ್ತದೆ.

ಹಾಗೆಂದು ನಾಯಕರಿಗೆ ತಡೆಯುವ ಶಕ್ತಿಯಿಲ್ಲ ಎನ್ನಲಾಗದು. 2022ರ ಜೂನ್ 5ರಂದು ಬಿಜೆಪಿ ತನ್ನ ವಕ್ತಾರೆ ನೂಪುರ್ ಶರ್ಮಾ ಅವರನ್ನು ಪ್ರವಾದಿ ಮಹಮ್ಮದರ ಬಗೆಗಿನ ಹೇಳಿಕೆಗಾಗಿ ಅಮಾನತು ಮಾಡಿತು. ಕಟ್ಟಾ ಬೆಂಬಲಿಗರು ಕೆರಳಿದರೂ ದೆಹಲಿ ಜಗ್ಗಲಿಲ್ಲ, ಏಕೆಂದರೆ ಕೊಲ್ಲಿ ರಾಷ್ಟ್ರಗಳು ಪ್ರತಿಭಟಿಸಿದ್ದವು. ಹಲವು ಮನೆಗಳವರು ಗಲ್ಫ್‌ನಲ್ಲಿ ದುಡಿಯುವ ಕರಾವಳಿಗೆ ಅದರ ತೂಕ ಬಿಡಿಸಿ ಹೇಳಬೇಕಿಲ್ಲ. ನಷ್ಟ ಕಣ್ಣಿಗೆ ಕಂಡಾಗ ನಾಯಕರು ತಮ್ಮವರನ್ನೂ ತಡೆಯುತ್ತಾರೆ. ಕಾಣದಿದ್ದಾಗ ಅವರ ಹಿಂದೆಯೇ ಹೋಗುತ್ತಾರೆ.

ಇನ್ನು ಉಡುಪಿ ಜಿಲ್ಲೆಯ ಸಾಸ್ತಾನಕ್ಕೆ ಬನ್ನಿ. ರಾಷ್ಟ್ರೀಯ ಹೆದ್ದಾರಿ 66ರ ಟೋಲ್‌ಗೇಟ್‌ಗಳಲ್ಲಿ ಒಂದು ಇರುವುದು ಇಲ್ಲಿ. ಸ್ಥಳೀಯ ವಾಹನಗಳಿಗೆ ವಿನಾಯಿತಿ ಬೇಕು ಎಂದು ಕೋಟ, ಸಾಲಿಗ್ರಾಮ, ಸಾಸ್ತಾನದ ಜನ ಮತ್ತೆ ಮತ್ತೆ ಧರಣಿ ಕೂತಿದ್ದಾರೆ. ಬ್ರಹ್ಮಾವರದ ಆಸ್ಪತ್ರೆಗೋ ಪೇಟೆಗೋ ಹೋಗುವವರಿಗೆ ಇದು ದಿನನಿತ್ಯದ ಪ್ರಶ್ನೆ. ಈ ಹೆದ್ದಾರಿಯೂ ಕೇಂದ್ರದ್ದೇ, ಇದೂ ನೀತಿಯ ವಿಷಯವೇ. ಆದರೆ ಇದಕ್ಕಾಗಿ ಯಾವ ಯುವಮೋರ್ಚಾವೂ ಸಾಮೂಹಿಕ ರಾಜೀನಾಮೆಯ ಬೆದರಿಕೆ ಹಾಕಿಲ್ಲ. 2023ರ ಜನವರಿಯಲ್ಲಿ ಮಂಗಳೂರಿನ ಬೂತ್ ಸಭೆಯಲ್ಲಿ ಕಟೀಲರು ಕಾರ್ಯಕರ್ತರಿಗೆ, ರಸ್ತೆ ಚರಂಡಿಯಂಥ ಸಣ್ಣ ವಿಷಯ ಬಿಡಿ, ಲವ್ ಜಿಹಾದ್ ಬಗ್ಗೆ ಮಾತಾಡಿ ಎಂಬರ್ಥದ ಕರೆ ಕೊಟ್ಟಿದ್ದರು. ಬೆಳ್ಳಾರೆಯಲ್ಲಿ ಕಾರು ಅಲುಗಾಡಿಸಿದ್ದ ಸಿಟ್ಟಿಗೆ ಆರೇ ತಿಂಗಳಲ್ಲಿ ನಾಯಕರು ತಮಗೆ ಬೇಕಾದ ದಾರಿ ತೋರಿಸಿದ್ದರು. ನಾಯಕರು ಬೆಂಬಲಿಗರಿಗೆ ಬಗ್ಗುತ್ತಾರೆ ಎಂಬುದು ಅರ್ಧ ಸತ್ಯ. ಯಾವುದಕ್ಕೆ ಸಿಟ್ಟಾಗಬೇಕು ಎಂದು ಕಲಿಸುವವರೂ ಅವರೇ.

ಈ ಭಾಗದ ಕಾರ್ಯಕರ್ತರ ಮಾತು ದೆಹಲಿಗೆ ಮುಟ್ಟುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. 2024ರ ಚುನಾವಣೆಗೆ ಮುನ್ನ ಉಡುಪಿ-ಚಿಕ್ಕಮಗಳೂರಿನಲ್ಲಿ ‘ಗೋ ಬ್ಯಾಕ್ ಶೋಭಾ’ ಅಭಿಯಾನ ನಡೆಸಿದವರು ಬಿಜೆಪಿ ಕಾರ್ಯಕರ್ತರೇ. ಹೈಕಮಾಂಡಿಗೆ ಪತ್ರಗಳು ಹೋದವು. ಕೇಂದ್ರ ಸಚಿವೆ ಶೋಭಾ ಕರಂದ್ಲಾಜೆ ಬೆಂಗಳೂರು ಉತ್ತರಕ್ಕೆ ಹೋದರು, ಸಾಸ್ತಾನದ ಪಕ್ಕದ ಕೋಟದ ಶ್ರೀನಿವಾಸ ಪೂಜಾರಿ ಟಿಕೆಟ್ ಪಡೆದು ಗೆದ್ದರು. ಆ ಅಭಿಯಾನದ ದೂರು ಧರ್ಮದ್ದಲ್ಲ, ಸಂಸದರು ಕ್ಷೇತ್ರಕ್ಕೆ ಸಿಗುವುದಿಲ್ಲ ಎಂಬುದಾಗಿತ್ತು.

ಒಬ್ಬ ಕೇಂದ್ರ ಸಚಿವೆಯ ಕ್ಷೇತ್ರವನ್ನೇ ಬದಲಿಸಿದ ಪತ್ರಗಳಿಗೆ ಟೋಲಿನ ನಿಯಮ ಬದಲಿಸುವುದು ಅಸಾಧ್ಯವೇನಲ್ಲ. ಸಾಸ್ತಾನ, ಕುಂದಾಪುರ, ಬೈಂದೂರಿನ ಯಾವುದೇ ಪಕ್ಷದ ಸದಸ್ಯರು ಮುಂದಿನ ಬೂತ್ ಸಭೆಯಲ್ಲಿ ಎದ್ದು ನಿಂತು ಮೊದಲು ಈ ರಸ್ತೆಯ ಪ್ರಶ್ನೆ ಕೇಳಲಿ. ಉತ್ತರ ಬರುವವರೆಗೆ ಕೂರದಿರಲಿ.