ದವಡೆಯ ಕೀಲು ಸದ್ದು ಮಾಡಿದಾಗ

ಆಕಳಿಸುವಾಗ ಅಥವಾ ತುತ್ತು ಅಗಿಯುವಾಗ ಕಿವಿಯ ಮುಂದೆ ‘ಟಕ್’ ಎಂಬ ಸದ್ದು ಕೇಳಿಸುತ್ತದೆಯೇ? ಬೆಳಿಗ್ಗೆ ಏಳುವಾಗ ದವಡೆ ಬಿಗಿದಂತಿರುತ್ತದೆಯೇ? ಇದನ್ನು ಕಿವಿನೋವೆಂದೋ ಹಲ್ಲುನೋವೆಂದೋ ಭಾವಿಸಿ ವರ್ಷಗಟ್ಟಲೆ ಸಹಿಸಿಕೊಳ್ಳುವ ಸಹೋದರಿಯರಿದ್ದಾರೆ. ಈ ತೊಂದರೆ ಪುರುಷರಿಗಿಂತ ಮಹಿಳೆಯರಲ್ಲೇ ಹೆಚ್ಚು. ಅದರಲ್ಲೂ 20ರಿಂದ 40ರ ಹರೆಯದಲ್ಲಿ.

ಕೆಳದವಡೆಯು ತಲೆಬುರುಡೆಯನ್ನು ಸೇರುವಲ್ಲಿ, ಎರಡೂ ಕಿವಿಗಳ ಮುಂದೆ ಒಂದೊಂದು ಕೀಲಿದೆ. ಎಲುಬುಗಳ ನಡುವೆ ಕೊಲಾಜನ್ ಎಂಬ ಪ್ರೋಟೀನಿನ ನಾರುಗಳಿಂದಾದ ತೆಳುವಾದ ಬಿಲ್ಲೆ, ಅದರ ಸುತ್ತ ಸ್ವಲ್ಪವೇ ದ್ರವ. ಆ ದ್ರವದಲ್ಲಿರುವ ಲ್ಯೂಬ್ರಿಸಿನ್ ಎಂಬ ಪ್ರೋಟೀನು ಹೊಲಿಗೆ ಯಂತ್ರಕ್ಕೆ ಹಾಕುವ ಎಣ್ಣೆಯಂತೆ ಕೆಲಸ ಮಾಡುತ್ತದೆ. ಬಿಲ್ಲೆಯ ನಡುಭಾಗದಲ್ಲಿ ರಕ್ತನಾಳಗಳಿಲ್ಲ. ಅದಕ್ಕೆ ಪೋಷಣೆ ಸಿಗುವುದೂ ಈ ದ್ರವದಿಂದಲೇ. ಆದ್ದರಿಂದ ಒಮ್ಮೆ ಸವೆದರೆ ಸುಲಭವಾಗಿ ಸರಿಹೋಗದು.

ಪೆಟ್ಟು, ಸಂಧಿವಾತ, ಹಲ್ಲು ಕಚ್ಚುವ ಅಭ್ಯಾಸ ಮುಂತಾದವುಗಳಿಂದ ಕೀಲಿಗೆ ಘಾಸಿಯಾದರೆ ದ್ರವದ ಗುಣವೇ ಬದಲಾಗುತ್ತದೆ. ಇಂಟರ್‌ಲ್ಯೂಕಿನ್‌ನಂತಹ ಉರಿಯೂತದ ಪ್ರೋಟೀನುಗಳು ಅದರಲ್ಲಿ ಹೆಚ್ಚುತ್ತವೆ. ಅವು ಕೊಲಾಜನ್ ನಾರುಗಳನ್ನು ಕತ್ತರಿಸುವ ಕಿಣ್ವಗಳನ್ನು ಎಚ್ಚರಿಸುತ್ತವೆ. ನೋವಿರುವವರ ಕೀಲಿನಿಂದ ಸೂಜಿಯಲ್ಲಿ ತೆಗೆದ ದ್ರವದಲ್ಲಿ ಸಂಶೋಧಕರು ಇವನ್ನು ಕಂಡಿದ್ದಾರೆ. ಆದರೆ ರೋಗ ಪತ್ತೆಗೆ ನಿಮಗೆ ಇಂತಹ ಪರೀಕ್ಷೆ ಬೇಕಾಗಿಲ್ಲ. ವೈದ್ಯರು ಸಾಮಾನ್ಯವಾಗಿ ದವಡೆಯನ್ನು ಮುಟ್ಟಿ, ಬಾಯಿ ತೆರೆಸಿ ನೋಡಿಯೇ ತಿಳಿಯುತ್ತಾರೆ.

ನೋವಿಲ್ಲದೆ ಬರೀ ಸದ್ದಾದರೆ ಗಾಬರಿ ಬೇಡ, ಚಿಕಿತ್ಸೆಯೂ ಬೇಡ. ನೋವಿದ್ದರೆ ಕೆಲವು ದಿನ ಮೆತ್ತಗಿನ ಆಹಾರ ಸೇವಿಸಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಶಾಖ ಕೊಡಿ. ಆಕಳಿಕೆ ಬಂದಾಗ ಗದ್ದಕ್ಕೆ ಕೈ ಆಸರೆ ಕೊಡಿ. ಮುಖ್ಯವಾಗಿ, ತುಟಿ ಮುಚ್ಚಿದ್ದರೂ ಹಲ್ಲುಗಳು ಒಂದಕ್ಕೊಂದು ತಾಗದಿರಲಿ. ಚಿಂತೆ, ಕೋಪ ಅದುಮಿಟ್ಟುಕೊಂಡವರು ತಿಳಿಯದೆಯೇ ಹಲ್ಲು ಬಿಗಿಯುತ್ತಾರೆ. ಮನೆಯವರೂ ಇದನ್ನು ಗಮನಿಸಬೇಕು.

ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಬಾಯಿಯೊಳಗೆ ತೂರಿಸಿ ನೋಡಿ. ತೂರದಿದ್ದರೆ, ದವಡೆ ಸಿಕ್ಕಿಕೊಂಡರೆ ಅಥವಾ ಕೀಲಿನ ಬಳಿ ಊತವಿದ್ದರೆ ದಂತವೈದ್ಯರನ್ನು ಕಾಣಿರಿ. ಅಡಿಕೆ, ಗುಟ್ಕಾ ಅಗಿಯುವವರಲ್ಲಿ ಬಾಯಿ ತೆರೆಯದಿರುವುದು ಬೇರೆಯೇ ಗಂಭೀರ ರೋಗದ ಲಕ್ಷಣವಾಗಿರಬಹುದು, ತಡ ಮಾಡಬೇಡಿ.

ಇನ್ನೊಂದು ಎಚ್ಚರಿಕೆ. ಬಹುಕಾಲದ ದವಡೆನೋವಿನ ಕುರಿತು 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿ ದವಡೆಯ ವ್ಯಾಯಾಮ ಮತ್ತು ಮನಸ್ಸಿನ ಒತ್ತಡ ತಗ್ಗಿಸುವ ವಿಧಾನಗಳಿಗೆ ಆದ್ಯತೆ ನೀಡಿದೆ. ಬಿಲ್ಲೆಯನ್ನೇ ತೆಗೆದುಹಾಕುವ ಶಸ್ತ್ರಚಿಕಿತ್ಸೆ ಬೇಡವೆಂದಿದೆ. ಆದ್ದರಿಂದ ಹಲ್ಲು ಕೀಳಿಸುವ, ಉಜ್ಜಿಸುವ ಮಾತು ಬಂದರೆ ಇನ್ನೊಬ್ಬ ವೈದ್ಯರನ್ನೂ ಕೇಳಿರಿ. ಕಿತ್ತ ಹಲ್ಲು ಮರಳಿ ಬಾರದು.