ಕೈ ನಡುಕಕ್ಕೆ ಯಾವ ಸ್ಕ್ಯಾನ್?

ಚನ್ನಪಟ್ಟಣದಲ್ಲಿ ಬೊಂಬೆಗೆ ಅರಗಿನ ಬಣ್ಣ ಹಿಡಿಯುವವರಿಗೂ ರಾಮನಗರದಲ್ಲಿ ರೇಷ್ಮೆ ಎಳೆ ಬಿಡಿಸುವವರಿಗೂ ಕೈ ನಡುಗತೊಡಗಿದರೆ ಅನ್ನಕ್ಕೇ ಕುತ್ತು. ಆಗ ಮನೆಯವರು ಹೇಳುವ ಮೊದಲ ಮಾತು, 'ಸಾಲವಾದರೂ ಸರಿ, ತಲೆ ಸ್ಕ್ಯಾನ್ ಮಾಡಿಸೋಣ.' ಯಾವ ಸ್ಕ್ಯಾನ್ ಎಂದು ಕೇಳುವವರು ಕಡಿಮೆ.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ ಈ ಕಾಯಿಲೆಯನ್ನು ವರ್ಣಿಸಿದ್ದು ಆರು ಮಂದಿಯನ್ನು ನೋಡಿ. ಅವರಲ್ಲಿ ಕೆಲವರನ್ನು ಬೀದಿಯಲ್ಲಷ್ಟೇ ಕಂಡಿದ್ದರು. ಇಂದಿಗೂ ನರರೋಗ ತಜ್ಞರ ಕಣ್ಣೇ ಮೊದಲ ಯಂತ್ರ. ಚಲನೆ ನಿಧಾನವಾಗುವುದು, ನಡೆಯುವಾಗ ಒಂದು ಕೈ ಬೀಸದಿರುವುದು, ತೊಡೆಯ ಮೇಲೆ ಸುಮ್ಮನಿಟ್ಟ ಕೈ ನಡುಗುವುದು, ಲೆವೊಡೋಪ ಮಾತ್ರೆಯಿಂದ ಗುಣ ಕಾಣುವುದು. ಇಷ್ಟು ಸ್ಪಷ್ಟವಿದ್ದರೆ ದುಬಾರಿ ಚಿತ್ರ ಹೆಚ್ಚೇನೂ ಹೇಳುವುದಿಲ್ಲ.

ಎಂ.ಆರ್.ಐ. ಮೆದುಳಿನ ರಚನೆಯನ್ನು ತೋರಿಸುತ್ತದೆ. ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಸಾಮಾನ್ಯ ಎಂ.ಆರ್.ಐ. ಬಹುಪಾಲು ಸರಿಯಾಗಿಯೇ ಕಾಣುತ್ತದೆ. ಅದನ್ನು ಮಾಡಿಸುವುದು ಸಣ್ಣ ಪಾರ್ಶ್ವವಾಯು, ಮೆದುಳಿನಲ್ಲಿ ನೀರು ತುಂಬಿಕೊಳ್ಳುವುದು, ಗಡ್ಡೆ ಮುಂತಾದವು ಇಲ್ಲವೆಂದು ಖಚಿತಪಡಿಸಿಕೊಳ್ಳಲು. 'ನಾರ್ಮಲ್' ಎಂದು ಬರೆದ ವರದಿ ಹಿಡಿದು ಕಾಯಿಲೆಯೇ ಇಲ್ಲವೆಂದು ಮಾಗಡಿಗೋ ಕನಕಪುರಕ್ಕೋ ಮರಳುವುದು ಸಲ್ಲದು.

ಸಂಶಯ ಉಳಿದಾಗ ಟ್ರೋಡ್ಯಾಟ್ ಎಂಬ ಸ್ಪೆಕ್ಟ್ ಸ್ಕ್ಯಾನ್ ನೆರವಿಗೆ ಬರುತ್ತದೆ. 6 ಗಂಟೆ ಅರ್ಧಾಯುವಿನ ಟೆಕ್ನೀಷಿಯಂ ಸೇರಿಸಿದ ಔಷಧವನ್ನು ರಕ್ತನಾಳಕ್ಕೆ ಕೊಟ್ಟು, ಕೆಲವು ಗಂಟೆ ಕಾದು ಚಿತ್ರ ತೆಗೆಯುತ್ತಾರೆ. ಡೋಪಮಿನ್ ತಯಾರಿಸುವ ನರತುದಿಗಳಿಗೆ ಅದು ಅಂಟಿಕೊಳ್ಳುತ್ತದೆ. ಆರೋಗ್ಯವಂತರಲ್ಲಿ ಎರಡು ಅಲ್ಪವಿರಾಮಗಳು ಎದುರುಬದುರು ನಿಂತಂತೆ ಕಾಣುತ್ತದೆ. ನರತುದಿಗಳು ಸತ್ತಿದ್ದರೆ ಬಾಲ ಅಳಿಸಿ ಪೂರ್ಣವಿರಾಮವಾಗುತ್ತದೆ! ವ್ಯಾಕರಣದ ಮೇಷ್ಟರೂ ಓದಬಹುದಾದ ಚಿತ್ರ.

ಇದರ ನಿಜವಾದ ಉಪಯೋಗ ಇಲ್ಲಿದೆ. ವಂಶಪಾರಂಪರ್ಯವಾಗಿಯೂ ಬರುವ ಸಾಧಾರಣ ಕೈನಡುಕದಲ್ಲಿ ಅಲ್ಪವಿರಾಮಗಳು ಉಳಿದಿರುತ್ತವೆ. ಔಷಧದಿಂದಲೇ ಬಂದ ಪಾರ್ಕಿನ್‌ಸನ್ ಲಕ್ಷಣಗಳಲ್ಲೂ ಸಾಮಾನ್ಯವಾಗಿ ಹಾಗೆಯೇ. ತಲೆಸುತ್ತಿನ ಸಿನ್ನರಿಜಿನ್, ತಲೆನೋವಿನ ಫ್ಲುನರಿಜಿನ್, ವಾಂತಿಯ ಮೆಟೊಕ್ಲೊಪ್ರಮೈಡ್, ಕೆಲವು ಮನೋರೋಗದ ಮಾತ್ರೆಗಳು ಇಂಥ ಲಕ್ಷಣ ತರಬಲ್ಲವು. ವೈದ್ಯರ ಸಲಹೆಯಂತೆ ಅವನ್ನು ಬಿಟ್ಟರೆ ಅನೇಕರಿಗೆ ತಿಂಗಳುಗಳಲ್ಲಿ ಗುಣವಾಗುತ್ತದೆ. ತಾವಾಗಿ ನಿಲ್ಲಿಸಬಾರದು, ಅಷ್ಟೇ.

ಆದರೆ ಪಾರ್ಕಿನ್‌ಸನ್ನನ್ನು ಅದರ ದಾಯಾದಿಗಳಾದ ಎಂ.ಎಸ್.ಎ., ಪಿ.ಎಸ್.ಪಿ. ಕಾಯಿಲೆಗಳಿಂದ ಬೇರ್ಪಡಿಸಲು ಟ್ರೋಡ್ಯಾಟ್‌ಗೆ ಆಗದು. ಅಲ್ಲಿ ಎಂ.ಆರ್.ಐ. ಸುಳಿವು ಕೊಡಬಹುದು, ಮೆದುಳು ಗ್ಲೂಕೋಸ್ ಬಳಸುವ ಬಗೆ ತೋರಿಸುವ ಪೆಟ್ ಸ್ಕ್ಯಾನೂ ಉಂಟು.

ಬೆಂಗಳೂರಿನ ನಿಮ್ಹಾನ್ಸ್‌ಗೋ ಬೇರೆ ನರರೋಗ ವಿಭಾಗಕ್ಕೋ ಹೊರಟಾಗ ಚೀಲದಲ್ಲಿ ಹಳೆಯ ಚೀಟಿಗಳು, ತಿನ್ನುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಮೊಬೈಲಿನಲ್ಲಿ ರೋಗಿ ನಡೆಯುವ ಚಿತ್ರ ಇರಲಿ. ಬುಪ್ರೊಪಿಯಾನ್‌ನಂಥ ಖಿನ್ನತೆಯ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಬೇಕು. ಅದು ಟ್ರೋಡ್ಯಾಟ್ ಚಿತ್ರವನ್ನೇ ಮಸುಕುಗೊಳಿಸಬಹುದು.