ನಲವತ್ತು ಜನರ ಮುಂದೆ ಒಂದು ಹೊಸ ಹಾಡು

ಕನ್ನಡದ ಸಾಹಿತ್ಯವಲಯದಲ್ಲಿ ರಾಕ್ ಸಂಗೀತದ ಮಾತು ಬಂದಾಗ ನಾನು ಕಂಡಿರುವುದು ಎರಡೇ ಬಗೆಯ ಪ್ರತಿಕ್ರಿಯೆ. ಒಂದು, ‘ಅದು ಇಂಗ್ಲಿಷ್ ಮೀಡಿಯಂ ಹುಡುಗರ ಗದ್ದಲ’ ಎಂಬ ನಗು. ಇನ್ನೊಂದು, ‘ನಮ್ಮ ಶರೀಫಜ್ಜನ ಪದಗಳನ್ನು ಗಿಟಾರ್ ಹಿಡಿದು ಹಾಡಿದರಲ್ಲ, ಅದು ಚೆನ್ನಾಗಿತ್ತು’ ಎಂಬ ಪ್ರಮಾಣಪತ್ರ. ನನಗೆ ಹೆಚ್ಚು ಸಿಟ್ಟು ಬರುವುದು ಎರಡನೆಯದರ ಮೇಲೆ. ಮೊದಲನೆಯವರು ಕೇಳುವುದೇ ಇಲ್ಲ, ಸರಿ. ಎರಡನೆಯವರು ಕೇಳುತ್ತಾರೆ, ಆದರೆ ಒಂದು ಷರತ್ತಿದೆ: ಹಾಡು ಮೊದಲೇ ಗೊತ್ತಿರಬೇಕು. ಯಾರೂ ಕೇಳಿರದ ಹಾಡೊಂದನ್ನು, ಯಾರಿಗೂ ಹೆಸರು ಗೊತ್ತಿಲ್ಲದ ಹುಡುಗಿಯೊಬ್ಬಳು ಹಾಡುತ್ತಾಳೆಂದರೆ ಕೇಳಲು ನಾವು ಮನೆ ಬಿಟ್ಟು ಹೊರಡುತ್ತೇವೆಯೇ? ಇಲ್ಲ. ನನ್ನ ಜಗಳ ಈ ‘ಇಲ್ಲ’ದ ಜೊತೆ.

ನಾನು ಕನ್ನಡ ವಿಭಾಗವೊಂದರಲ್ಲಿ ಪಿಎಚ್‌ಡಿ ಮಾಡುತ್ತಿರುವವಳು. ಐದಾರು ವರ್ಷಗಳಿಂದ ಬೆಂಗಳೂರಿನ ಚರ್ಚ್ ಸ್ಟ್ರೀಟ್, ರೆಸಿಡೆನ್ಸಿ ರೋಡ್, ಇಂದಿರಾನಗರ, ಕೋರಮಂಗಲದ ಸಣ್ಣ ಜಾಗಗಳಲ್ಲಿ ಸ್ಥಳೀಯ ಬ್ಯಾಂಡುಗಳನ್ನು ಕೇಳಲು ಹೋಗುತ್ತಿದ್ದೇನೆ. ಫೆಲೋಶಿಪ್ ಬಂದ ತಿಂಗಳು ಎರಡು ಸಲ, ಬಾರದ ತಿಂಗಳು ಒಂದು ಸಲ. ಜಾಗ ಎಂದರೆ ಹೆಚ್ಚಿನ ಸಲ ಮೊದಲನೇ ಮಹಡಿಯ ಒಂದು ಪಬ್. ಮೂಲೆಯಲ್ಲಿ ಮೊಣಕಾಲೆತ್ತರದ ವೇದಿಕೆ, ಮೂರು ಬ್ಯಾಂಡುಗಳಿಗೂ ಸೇರಿ ಒಂದೇ ಡ್ರಮ್ ಸೆಟ್ಟು. ಸಂಜೆ ಐದಕ್ಕೆ ಬಂದು ವೈರು ಎಳೆದು, ಸೌಂಡ್ ನೋಡಿಕೊಂಡು, ಒಂಬತ್ತರವರೆಗೆ ಕಾಯುತ್ತಾ ಕೂರುವ ಹುಡುಗರು. ಹಗಲು ಸಾಫ್ಟ್‌ವೇರ್ ಕಂಪನಿಯಲ್ಲೋ ಶಾಲೆಯಲ್ಲೋ ಕೆಲಸ. ಹಾಡು ಅವರದೇ, ರೆಕಾರ್ಡಿಂಗಿನ ಖರ್ಚೂ ಅವರದೇ. ಕೇಳಲು ಬಂದವರು ನಲವತ್ತು ಜನ. ಅವರಲ್ಲಿ ಹದಿನೈದು ಮಂದಿ ಬ್ಯಾಂಡಿನವರ ಗೆಳೆಯರು. ಬಾಗಿಲಲ್ಲಿ ಆದ ದುಡ್ಡು ಹಂಚಿಕೊಂಡರೆ ಒಬ್ಬೊಬ್ಬರಿಗೂ ಆಟೋ ಖರ್ಚು ಕಳೆದು ಒಂದು ಊಟ.

ಇಂಥ ಕೋಣೆಗಳಿಗೆ ನಾನು ಹೋಗುವುದಕ್ಕೆ ಕಾರಣ ಒಂದೇ. ಹಾಡು ಹೇಗೆ ಆಗುತ್ತದೆ ಎಂಬುದು ಕಣ್ಣೆದುರು ಕಾಣುವುದು ಅಲ್ಲಿ. ಒಂದು ರಾತ್ರಿ ಒಬ್ಬ ಗಾಯಕ ನಾಲ್ಕು ಇಂಗ್ಲಿಷ್ ಹಾಡುಗಳ ನಂತರ, ‘ಈಗೊಂದು ಕನ್ನಡದ್ದು, ದಯವಿಟ್ಟು ಸಹಿಸಿಕೊಳ್ಳಿ’ ಎಂದ. ಅದನ್ನೂ ಇಂಗ್ಲಿಷಿನಲ್ಲೇ ಹೇಳಿದ. ಹಾಡು ಶುರುವಾಯಿತು, ಎರಡನೇ ಚರಣದಲ್ಲಿ ಮುಗ್ಗರಿಸಿತು. ಸಾಲುಗಳು ಉದ್ದ, ತಾಳ ಚಿಕ್ಕದು. ಪದಗಳನ್ನು ತುರುಕಿ ತುರುಕಿ ಹಾಡಬೇಕಾಯಿತು. ಮೂರು ತಿಂಗಳ ಮೇಲೆ ಬೇರೊಂದು ಕಡೆ ಅದೇ ಹಾಡು ಕೇಳಿದೆ. ಆ ಚರಣವನ್ನೇ ತೆಗೆದುಹಾಕಿದ್ದರು. ಅಲ್ಲಿ ಬರೀ ಬಾಸ್ ಗಿಟಾರು, ಆಮೇಲೆ ಮೊದಲ ಸಾಲಿಗೇ ವಾಪಸ್ಸು. ಹಾಡು ನಿಂತಿತ್ತು. ಈ ಸಲ ‘ಸಹಿಸಿಕೊಳ್ಳಿ’ ಎಂದು ಕೇಳಲಿಲ್ಲ. ಆ ತಿದ್ದುಪಡಿ ಮಾಡಿಸಿದ್ದು ವಿಮರ್ಶಕರಲ್ಲ, ಮೊದಲ ರಾತ್ರಿ ಎರಡನೇ ಚರಣಕ್ಕೆ ಫೋನು ತೆಗೆದ ಆ ನಲವತ್ತು ಜನ.

ಯೂಟ್ಯೂಬಿನಲ್ಲಿ ಎಲ್ಲಾ ಸಿಗುತ್ತದಲ್ಲ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಅಲ್ಲಿ ಸಿಗುವುದು ಆಗಿಹೋದ ಹಾಡು. ಸೋಲಲಿಕ್ಕೆ, ಸೋತು ತಿದ್ದಿಕೊಳ್ಳಲಿಕ್ಕೆ ಒಂದು ಕೋಣೆ ಬೇಕು. ಸಾಹಿತ್ಯದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. 1920ರ ದಶಕದ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಇದ್ದ ಗೆಳೆಯರ ಗುಂಪು ಏನು? ಬೆರಳೆಣಿಕೆಯ ಜನ ಒಬ್ಬರದೊಬ್ಬರು ಕೇಳುವ ಒಂದು ಸಣ್ಣ ಜಾಗ. ನವೋದಯದ ಕಾವ್ಯ ಜಾತ್ರೆಯಲ್ಲಿ ಹುಟ್ಟಲಿಲ್ಲ. ಹೊರಗಿನ ಉದಾಹರಣೆ ಬೇಕಿದ್ದರೆ, 1971ರಲ್ಲಿ ನ್ಯೂಯಾರ್ಕಿನ ಸೇಂಟ್ ಮಾರ್ಕ್ಸ್ ಚರ್ಚಿನ ಕಾವ್ಯವಾಚನದಲ್ಲಿ ಪ್ಯಾಟಿ ಸ್ಮಿತ್ ಎಂಬ ಕವಿ ಪಕ್ಕದಲ್ಲಿ ಒಬ್ಬ ಗಿಟಾರ್ ವಾದಕನನ್ನು ನಿಲ್ಲಿಸಿಕೊಂಡು ಓದಿದಳು. ಕೆಲವು ವರ್ಷಗಳ ನಂತರ ಅವಳ ಬ್ಯಾಂಡು ಅದೇ ಊರಿನ ಸಿಬಿಜಿಬಿ ಎಂಬ ಇಕ್ಕಟ್ಟಾದ ಬಾರಿನಲ್ಲಿ ನುಡಿಸುತ್ತಿತ್ತು. ಆ ಬಾರಿನ ಮಾಲೀಕನದು ಒಂದು ಷರತ್ತು: ಬ್ಯಾಂಡುಗಳು ತಮ್ಮದೇ ಹಾಡು ಹಾಡಬೇಕು. ಕಲ್ಕತ್ತೆಯಲ್ಲಿ 1970ರ ದಶಕದಲ್ಲಿ ಒಂದು ಗುಂಪು ಜೀವನಾನಂದ ದಾಸರ ಕವಿತೆಯಿಂದ ‘ಮೊಹೀನೇರ್ ಘೋಡಾಗುಲಿ’ ಎಂಬ ಹೆಸರು ತೆಗೆದುಕೊಂಡು ಬಂಗಾಳಿಯಲ್ಲೇ ಹಾಡಿತು. ಆಗ ಕೇಳಿದವರು ಕೆಲವೇ ಜನ. ಇಪ್ಪತ್ತು ವರ್ಷದ ನಂತರ ಅವರೇ ಬಂಗಾಳಿ ರಾಕ್‌ನ ಹಿರೀಕರಾದರು.

ಈಗ ನಮ್ಮ ಊರಿಗೆ ಬನ್ನಿ. ಸಿಬಿಜಿಬಿಯ ಆ ಷರತ್ತು ಇಲ್ಲಿ ತಲೆಕೆಳಗಾಗಿದೆ. ವಾರಾಂತ್ಯದ ಪಬ್ಬಿಗೆ ಬೇಕಾಗಿರುವುದು ‘ಟ್ರಿಬ್ಯೂಟ್ ನೈಟ್’. ಗ್ರಾಹಕ ಒಟ್ಟಿಗೆ ಹಾಡಬೇಕು, ಇನ್ನೊಂದು ಗ್ಲಾಸ್ ತರಿಸಬೇಕು. ಸ್ವಂತ ಹಾಡಿನ ಬ್ಯಾಂಡಿಗೆ ಸಿಗುವುದು ಬುಧವಾರವೋ ಗುರುವಾರವೋ. ಐಪಿಎಲ್ ಪಂದ್ಯವಿದ್ದರೆ ಅದೂ ಇಲ್ಲ. ಒಮ್ಮೆ ಪಂದ್ಯ ಕೊನೆಯ ಓವರಿಗೆ ಹೋಯಿತೆಂದು ಬ್ಯಾಂಡನ್ನು ವೇದಿಕೆಯ ಮೇಲೆ ಗಿಟಾರ್ ಹಿಡಿದು ನಿಂತಂತೆಯೇ ಇಪ್ಪತ್ತು ನಿಮಿಷ ಕಾಯಿಸಿದ್ದನ್ನು ನೋಡಿದ್ದೇನೆ.

ಪಬ್ಬನ್ನು ಬೈಯುವುದು ಸುಲಭ. ಆದರೆ ನಮ್ಮ ಕನ್ನಡದ ವೇದಿಕೆ ಬೇರೇನು ಮಾಡುತ್ತಿದೆ? ರಾಜ್ಯೋತ್ಸವಕ್ಕೆ, ಗಣೇಶನಿಗೆ ಆರ್ಕೆಸ್ಟ್ರಾ: ನಲವತ್ತು ವರ್ಷದ ಹಿಂದಿನ ಚಿತ್ರಗೀತೆ. ಸಾಹಿತ್ಯ ಸಮಾರಂಭಕ್ಕೆ ಭಾವಗೀತೆ: ನಮ್ಮ ಅಪ್ಪ ಅಮ್ಮ ಕ್ಯಾಸೆಟ್ಟಿನಲ್ಲಿ ಕೇಳಿದ ಅದೇ ಧಾಟಿ, ಅದೇ ಆಲಾಪ. 2005ರಲ್ಲಿ ಸಿ. ಅಶ್ವತ್ಥರ ‘ಕನ್ನಡವೇ ಸತ್ಯ’ಕ್ಕೆ ಅರಮನೆ ಮೈದಾನ ತುಂಬಿಹೋಯಿತು. 2011ರಲ್ಲಿ ಮೆಟಾಲಿಕಾ ಬಂದಾಗಲೂ ಅದೇ ಮೈದಾನ ತುಂಬಿತು. ಎರಡೂ ದೊಡ್ಡ ರಾತ್ರಿಗಳೇ, ಅನುಮಾನವಿಲ್ಲ. ಆದರೆ ಎರಡೂ ಕಡೆ ಜನ ಬಂದದ್ದು ಬಾಯಿಪಾಠವಾಗಿದ್ದ ಹಾಡಿಗೆ. ಅಶ್ವತ್ಥರು ಕೂಡ ಒಂದು ಕಾಲಕ್ಕೆ ಯಾರೂ ಕೇಳದ ಧಾಟಿ ಹಾಕಿದವರೇ ತಾನೇ? ಆಗ ಅವರ ಮುಂದೆ ಮೈದಾನ ಇರಲಿಲ್ಲ, ಕಿವಿಗೊಟ್ಟು ಕೂತ ನಾಲ್ಕು ಜನ ಇದ್ದಿರಬೇಕು. ಅವರ ಧಾಟಿಯನ್ನು ಕಾಯುತ್ತಿರುವ ನಾವು ಅವರ ಧೈರ್ಯವನ್ನು ಮರೆತಿದ್ದೇವೆ.

‘ಆದರೂ ಅದು ನಮ್ಮದಲ್ಲವಲ್ಲ’ ಎಂಬ ಆಕ್ಷೇಪ ಬರುತ್ತದೆ. ಬಿ.ಎಂ.ಶ್ರೀ ಅವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಬಂತು. ಹೆಸರಿನಲ್ಲೇ ಇಂಗ್ಲಿಷ್ ಇಟ್ಟುಕೊಂಡ ಪುಸ್ತಕವನ್ನು ಹೊಸಗನ್ನಡ ಕಾವ್ಯದ ಬಾಗಿಲು ಎಂದು ಎಂ.ಎ. ತರಗತಿಯಲ್ಲಿ ಪಾಠ ಮಾಡುತ್ತೇವೆ. ಪಿಟೀಲು ಯೂರೋಪಿನದು, ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನವನ್ನು ಊರಿಗೆ ಬಂದ ನೆಂಟರಿಗೆ ಹೆಮ್ಮೆಯಿಂದ ತೋರಿಸುತ್ತೇವೆ. ಹಾರ್ಮೋನಿಯಂ ನಮ್ಮದಲ್ಲವೆಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು, ಮೂವತ್ತು ವರ್ಷ ಕಳೆದ ಮೇಲಷ್ಟೇ ಒಳಗೆ ಬಿಟ್ಟಿತು. ಅಷ್ಟರಲ್ಲಿ ನಾಟಕ ಕಂಪನಿಗಳೂ ಭಜನಾ ಮಂಡಳಿಗಳೂ ಆ ಪೆಟ್ಟಿಗೆಯನ್ನು ನಮ್ಮದಾಗಿಸಿಯಾಗಿತ್ತು. ಗಿಟಾರಿನ ಸರದಿ ಬಂದಾಗ ಮಾತ್ರ ವಂಶವೃಕ್ಷ ಕೇಳುವುದು ಯಾವ ನ್ಯಾಯ?

ಈ ಹಾಡುಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿವೆ, ನಿಜ. ಬೆಂಗಳೂರಿನ ಹಳೆಯ ಬ್ಯಾಂಡುಗಳಲ್ಲಿ ಒಂದಾದ ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಿಂದ ಇಂಗ್ಲಿಷಿನಲ್ಲೇ ಹಾಡುತ್ತಿದೆ. ರಘು ದೀಕ್ಷಿತ್, ಸ್ವರಾತ್ಮ ಕನ್ನಡವನ್ನು ವೇದಿಕೆಗೆ ತಂದರು. ಅವರ ಹಿಂದೆ ಇನ್ನೂ ಇಪ್ಪತ್ತು ಬ್ಯಾಂಡು ಯಾಕೆ ಬರಲಿಲ್ಲ ಎಂದು ಕೇಳುವವರು, ಆ ಹುಡುಗ ಯಾಕೆ ‘ಸಹಿಸಿಕೊಳ್ಳಿ’ ಎಂದ ಎಂದೂ ಕೇಳಬೇಕು. ಅವನ ಮುಂದಿನ ನಲವತ್ತು ಜನರಲ್ಲಿ ಕನ್ನಡ ಓದುವವರು ಎಷ್ಟಿದ್ದರು? ನನಗೆ ಗೊತ್ತಿದ್ದಂತೆ ಒಬ್ಬಳು. ಕನ್ನಡದ ಕಿವಿ ಇಲ್ಲದ ಕೋಣೆಯಲ್ಲಿ ಕನ್ನಡದ ಹಾಡು ಬರಲಿ ಎಂದು ನಾವು ಮನೆಯಲ್ಲಿ ಕೂತು ಹಾರೈಸುತ್ತಿದ್ದೇವೆ.

ಇನ್ನು ಕಾನೂನು. ಬೆಂಗಳೂರಿನ ಪತ್ರಿಕೆಗಳಲ್ಲಿ ‘ಲೈವ್ ಬ್ಯಾಂಡ್’ ಎಂಬ ಪದಕ್ಕೆ ಸಂಗೀತ ಎಂಬ ಅರ್ಥ ಇರಲೇ ಇಲ್ಲ. ಹುಡುಗಿಯರನ್ನು ಕುಣಿಸುವ ಬಾರ್ ಎಂದರ್ಥ. ಅಂಥ ಬಾರುಗಳನ್ನು ಕಣ್ಣಲ್ಲಿಟ್ಟುಕೊಂಡು 2005ರಲ್ಲಿ ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪರವಾನಗಿ ಆದೇಶ ಹೊರಟಿತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ವರ್ಷವೇ ಪೊಲೀಸರು ಪಬ್ಬು, ರೆಸ್ಟೋರೆಂಟುಗಳಿಗೆ ಪರವಾನಗಿ ಇಲ್ಲದೆ ಸಂಗೀತ ಕೂಡದೆಂದರು. ಕಟ್ಟಡದ ಸ್ವಾಧೀನ ಪತ್ರ, ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಎಂದು ಪಟ್ಟಿ ಬೆಳೆಯಿತು. ಎಷ್ಟೋ ಕಡೆ ಹಾಡು ನಿಂತೇಹೋಯಿತು. ಇಂದಿರಾನಗರದ ಹಮ್ಮಿಂಗ್ ಟ್ರೀ 2013ರಲ್ಲಿ ಶುರುವಾಗಿ, ಊರಿನ ಸ್ವತಂತ್ರ ಬ್ಯಾಂಡುಗಳಿಗೆ ಮನೆಯಂತಾಗಿ, 2019ರಲ್ಲಿ ಮುಚ್ಚಿತು. ಇದ್ಯಾವುದರ ಬಗ್ಗೆಯೂ ಸಾಹಿತ್ಯವಲಯದಿಂದ ಒಂದು ಹೇಳಿಕೆ ಬಂದದ್ದು ನನಗೆ ನೆನಪಿಲ್ಲ. ನಾಟಕಕ್ಕೆ ಹೀಗಾಗಿದ್ದರೆ ಟೌನ್‌ಹಾಲ್ ಮುಂದೆ ನಿಲ್ಲುತ್ತಿದ್ದೆವು.

ಅಕ್ಕಪಕ್ಕದ ನಿವಾಸಿಗಳ ತಕರಾರು ಸುಳ್ಳಲ್ಲ. ರಾತ್ರಿ ಹನ್ನೊಂದಕ್ಕೆ ಗೋಡೆಯಾಚೆ ಡ್ರಮ್ ಬಡಿಯುತ್ತಿದ್ದರೆ ನನಗೂ ನಿದ್ದೆ ಬಾರದು. ಆದರೆ ಅದಕ್ಕೆ ಮುಚ್ಚಿಸುವುದೊಂದೇ ದಾರಿಯಲ್ಲ. ಇಲ್ಲಿ ಹಾಡು ನಿಲ್ಲಿಸುತ್ತಿದ್ದ ಅದೇ 2018ರಲ್ಲಿ ಇಂಗ್ಲೆಂಡ್ ತನ್ನ ನಗರಯೋಜನೆಯ ನೀತಿಗೆ ಒಂದು ತತ್ವ ಸೇರಿಸಿತು: ಮೊದಲಿನಿಂದ ಸಂಗೀತ ನಡೆಯುತ್ತಿರುವ ಜಾಗದ ಪಕ್ಕದಲ್ಲಿ ಹೊಸದಾಗಿ ಮನೆ ಕಟ್ಟುವವನೇ ಸದ್ದು ತಡೆಯುವ ವ್ಯವಸ್ಥೆಯನ್ನೂ ಮಾಡಬೇಕು. ನಮ್ಮಲ್ಲಿ ಯಾರು ಮೊದಲು ಬಂದವರು ಎಂದು ಕೇಳುವ ಅಭ್ಯಾಸವೇ ಇಲ್ಲ.

ನನ್ನ ದೊಡ್ಡ ದೂರು ಇರುವುದು ಪಬ್ಬಿನ ಬಾಗಿಲಲ್ಲಿ. ಇಪ್ಪತ್ತೊಂದು ತುಂಬದವರನ್ನು ಅಲ್ಲಿ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಮದ್ಯದ ದೃಷ್ಟಿಯಿಂದ ಅದು ಸರಿಯೇ. ಆದರೆ ಹಾಡಿಗೆ ಮನಸ್ಸು ಒಪ್ಪಿಸಿಬಿಡುವ ವಯಸ್ಸು ಯಾವುದು? ಹದಿನೇಳು, ಹದಿನೆಂಟು. ಆ ವಯಸ್ಸಿನವರು ಹೊರಗೆ, ಹಾಡು ಒಳಗೆ. ಒಳಗೆ ಬಂದವರಿಗೂ ಟಿಕೆಟ್ಟಿನ ಮೇಲೆ ಒಂದು ತಿಂಡಿ, ಒಂದು ಪಾನೀಯ ತರಿಸಲೇಬೇಕಾದ ಮುಲಾಜು. ವಿದ್ಯಾರ್ಥಿಯ ಒಂದು ವಾರದ ಮೆಸ್ಸಿನ ಖರ್ಚು. ಒಂಬತ್ತಕ್ಕೆ ಶುರುವಾಗುವ ಕಾರ್ಯಕ್ರಮಕ್ಕೂ ಹತ್ತಕ್ಕೆ ಮುಚ್ಚುವ ಲೇಡೀಸ್ ಹಾಸ್ಟೆಲ್ಲಿನ ಗೇಟಿಗೂ ಯಾವ ಲೆಕ್ಕದಲ್ಲೂ ಹೊಂದಿಕೆಯಾಗದು. ವಾಷಿಂಗ್ಟನ್ನಿನ ಹದಿಹರೆಯದ ಪಂಕ್ ಬ್ಯಾಂಡೊಂದಕ್ಕೆ 1980ರಲ್ಲಿ ಇದೇ ತೊಡಕು ಬಂದಾಗ ಹುಡುಗರು ಕೈಯ ಮೇಲೆ ಕಪ್ಪು ಮಸಿಯಲ್ಲಿ ಅಡ್ಡಗೀಟಿನ ಗುರುತು ಹಾಕಿಸಿಕೊಂಡು ಒಳಗೆ ಹೋದರು: ಇವರಿಗೆ ಮದ್ಯ ಕೊಡಬೇಡಿ, ಹಾಡು ಕೇಳಲು ಬಿಡಿ ಎಂದರ್ಥ. ಆ ಗುರುತೇ ಮುಂದೆ ಒಂದು ಚಳವಳಿಯ ಚಿಹ್ನೆಯಾಯಿತು.

ನಮಗೆ ಅಷ್ಟೂ ಬೇಕಿಲ್ಲ. ಮದ್ಯದಂಗಡಿಯ ಹಂಗಿಲ್ಲದ ಸಣ್ಣ ಸಭಾಂಗಣಗಳು ನಮ್ಮಲ್ಲಿ ಈಗಾಗಲೇ ಇವೆ. ರವೀಂದ್ರ ಕಲಾಕ್ಷೇತ್ರದ ಹಿಂದೆ ಸಂಸ ಬಯಲು ರಂಗಮಂದಿರ, ಕನ್ನಡ ಭವನದಲ್ಲಿ ನಯನ, ಹನುಮಂತನಗರದಲ್ಲಿ ಕೆ.ಎಚ್. ಕಲಾಸೌಧ, ಪ್ರತಿ ವಿಶ್ವವಿದ್ಯಾಲಯದಲ್ಲೂ ಸೆಮಿನಾರಿಗೆ ಮಾತ್ರ ತೆರೆಯುವ ಒಂದು ಹಾಲ್. 2004ರಲ್ಲಿ ಬಾಗಿಲು ತೆರೆದ ರಂಗಶಂಕರ ಮುನ್ನೂರು ಚಿಲ್ಲರೆ ಆಸನಗಳಲ್ಲೇ ರಂಗಭೂಮಿಗೆ ಒಂದು ಹೊಸ ತಲೆಮಾರಿನ ಪ್ರೇಕ್ಷಕರನ್ನು ತಂದುಕೊಟ್ಟಿತು. ನಾಟಕಕ್ಕೆ ಆದದ್ದು ಹಾಡಿಗೇಕೆ ಆಗಬಾರದು? ತಿಂಗಳಿಗೊಂದು ಸಂಜೆ. ಆರಕ್ಕೆ ಶುರು, ಎಂಟೂವರೆಗೆ ಮುಕ್ತಾಯ. ಯಾವ ವಯಸ್ಸಿನವರಾದರೂ ಬರಲಿ. ನೂರು ರೂಪಾಯಿ ಟಿಕೆಟ್ಟು, ಆ ದುಡ್ಡು ಪೂರ್ತಿ ಬ್ಯಾಂಡಿಗೆ. ಷರತ್ತು ಒಂದೇ: ಹಾಡು ಸ್ವಂತದ್ದಾಗಿರಬೇಕು. ಭಾಷೆ ಯಾವುದಾದರೂ ಇರಲಿ. ಕೇಳುವವರಲ್ಲಿ ಕನ್ನಡದವರು ತುಂಬಿದರೆ ಹಾಡುವವರ ಬಾಯಲ್ಲಿ ಕನ್ನಡ ತಾನಾಗಿ ಬರುತ್ತದೆ.

ನಮ್ಮ ವಿಭಾಗಗಳಲ್ಲಿ ಜನಪದ ಗೀತೆಗಳ ಮೇಲೆ, ವಚನ ಗಾಯನದ ಮೇಲೆ, ಹೋರಾಟದ ಹಾಡುಗಳ ಮೇಲೆ ಪ್ರಬಂಧಗಳಿವೆ. ಇರಲಿ, ಇನ್ನೂ ಬರಲಿ. ಆದರೆ ಹಾಡಿದವರು ಸತ್ತ ಮೇಲೆಯೇ ಹಾಡನ್ನು ಅಧ್ಯಯನ ಮಾಡಬೇಕೆಂಬ ನಿಯಮವನ್ನು ಯಾವ ಯುಜಿಸಿಯೂ ಮಾಡಿಲ್ಲ. ಕವಿತೆ ಬರೆಯುವ ಗೆಳೆಯರೇ, ನಿಮ್ಮ ಪ್ರಾಸ, ಲಯ, ಯತಿಯ ತಿಳಿವಳಿಕೆ ಅಗತ್ಯವಾಗಿ ಬೇಕಾದ ಗಿಟಾರ್ ವಾದಕರು ಈ ಊರಿನಲ್ಲಿ ಇದ್ದಾರೆ. ಸಾಲು ಉದ್ದವಾಗಿ ತಾಳ ಚಿಕ್ಕದಾದಾಗ ಏನು ಮಾಡಬೇಕೆಂದು ಅವರಿಗೆ ಹೇಳುವವರಿಲ್ಲ. ಈ ವಾರ ಚರ್ಚ್ ಸ್ಟ್ರೀಟಿಗೆ ಪುಸ್ತಕ ಕೊಳ್ಳಲು ಹೋದಾಗ ಅಲ್ಲಿನ ಮೊದಲನೇ ಮಹಡಿಗಳಲ್ಲಿ ಎಲ್ಲಿ ಏನಿದೆ ಎಂದು ವಿಚಾರಿಸಿ. ಟಿಕೆಟ್ಟು ಕೊಳ್ಳಿ, ಮುಂದೆ ಹೋಗಿ ನಿಲ್ಲಿ. ಹಾಡು ಹಿಡಿಸದಿದ್ದರೆ ಇಳಿದು ಬಂದ ಮೇಲೆ ಅವರಿಗೇ ಹೇಳಿ, ಕೇಳಿಸಿಕೊಳ್ಳುತ್ತಾರೆ. ಮತ್ತೆ ಆ ಹುಡುಗನಂಥವನೊಬ್ಬ ‘ಈಗೊಂದು ಕನ್ನಡದ್ದು’ ಎಂದಾಗ, ‘ಹಾಡಪ್ಪಾ’ ಎಂದು ಕೂಗಲು ಕೋಣೆಯಲ್ಲಿ ನನ್ನ ಜೊತೆ ಇನ್ನೊಬ್ಬರಾದರೂ ಇರಲಿ.